ಬೆರಳಿಟ್ಟಾಗ ಸುಮ್ಮನಾದದ್ದು

ಒಂಬತ್ತನೇ ತಿಂಗಳ ಗಾಳಿಗೆ ನಮ್ಮ ಶಿಂಚುವಿನಲ್ಲಿ
ಬೇರೆಯದೇ ಹೆಸರಿದೆ.
ಸ್ಕೂಟರನ್ನು ಅಡ್ಡಕ್ಕೆ ನೂಕುತ್ತದೆ,
ಗುಡ್ಡದಾಚೆಯ ಶಿನ್‌ಪು ಅಂಗಳಗಳಲ್ಲಿ
ಮೊರ ಮೊರ ಪರ್ಸಿಮನ್ ಹಣ್ಣು ಒಣಗಿಸುತ್ತದೆ.
ನಾನು ಕಿಟಕಿಯಿಲ್ಲದ ನಾಲ್ಕನೇ ಮಹಡಿಯಲ್ಲಿ ಕೂತು
ಎರಡು ಟ್ರಾನ್ಸಿಸ್ಟರುಗಳನ್ನು
ಅವಳಿ ಮಾಡುವುದು ಕಲಿಯುತ್ತಿದ್ದೆ.

"ಅವಳಿ ಅಂತ ಯಾವುದೂ ಇಲ್ಲ" ಎಂದರು ಪೆಂಗ್ ತ್ಸುಯಿ-ಲಾನ್.
ಅರವತ್ತಮೂರು ವರ್ಷ. ಹಿಂದೊಮ್ಮೆ
ಗಾಜಿನ ಮೇಜಿನ ಕೆಳಗೆ ದೀಪವಿಟ್ಟು
ಕೆಂಪು ಹಾಳೆಯನ್ನು ಬ್ಲೇಡಿನಿಂದ ಕೊಯ್ದು
ಸರ್ಕ್ಯೂಟು ಬಿಡಿಸಿದವರು.
ಎಡಗೈ ತೋರುಬೆರಳಲ್ಲಿ ಆಗಿನದೊಂದು ಗೆರೆ
ಇನ್ನೂ ಬೆಳ್ಳಗಿದೆ.
"ಒಂದೇ ಹೊಟ್ಟೆಯಲ್ಲಿ ಹುಟ್ಟಿದರೂ
ಒಬ್ಬನ ಹಾಸಿಗೆ ಗೋಡೆ ಕಡೆ, ಒಬ್ಬನದು ಒಲೆ ಕಡೆ.
ಅದಕ್ಕೇ ಇಬ್ಬರನ್ನೂ ತುಂಡು ಮಾಡು, ಹೆಣೆ:
ಇವನು, ಅವನು, ಅವನು, ಇವನು.
ಬಿಸಿ ತಟ್ಟಿದರೆ ಇಬ್ಬರಿಗೂ ತಟ್ಟಲಿ."

ಆಮೇಲೆ ಎರಡೂ ತುದಿಗೆ ಇನ್ನೊಂದೊಂದು ಇಡಿಸಿದರು.
ಅವಕ್ಕೆ ಕೆಲಸವಿಲ್ಲ, ಕರೆಂಟಿಲ್ಲ,
ಕೈಕಾಲು ನೆಲಕ್ಕೆ ಕಟ್ಟಿದೆ.
ಒಳಗಿನವರಿಗೆ ಪಕ್ಕದ ಮನೆ ಖಾಲಿಯಿಲ್ಲ
ಅನ್ನಿಸಲಿ ಅಂತ, ಅಷ್ಟೆ.
ಜಾಗ ದಂಡ ಎಂದು ನಕ್ಕೆ. ಅವರು ನಗಲಿಲ್ಲ.
"ತೆಗೆದು ನೋಡು ಬೇಕಾದರೆ."

ವರ್ಷವಿಡೀ ಒಂದೇ ಕೆಲಸ:
ಚಳಿಗೂ ಸೆಕೆಗೂ ಅಲುಗದ ಒಂದು ವೋಲ್ಟೇಜು.
ಬಿಸಿಯಾದರೆ ಇಳಿಯುವುದೊಂದಿದೆ, ಏರುವುದೊಂದಿದೆ,
ಎರಡನ್ನೂ ತಕ್ಕಡಿಗೆ ಹಾಕಬೇಕು.
ಏರುವುದು ಬಡಕಲು, ಉಣ್ಣಿಸಿ ಉಣ್ಣಿಸಿ ಬೆಳೆಸಬೇಕು.
ವೇಗ ಕೇಳಿದರೆ ಕರೆಂಟು ಬೇಕು ಅನ್ನುತ್ತದೆ,
ಗದ್ದಲ ಬೇಡವೆಂದರೆ ಜಾಗ ಬೇಕು ಅನ್ನುತ್ತದೆ,
ಹತ್ತು ಬಾಯಿ, ಒಂದೇ ಪಾತ್ರೆ ಅನ್ನ.

ಎರಡು ಪುಟ ಸೂತ್ರ ಬರೆದು ಒಯ್ದೆ.
ಹಾಳೆ ಮಗುಚಿಟ್ಟು ಕೇಳಿದರು,
"ಚುಂಗ್, ಈ ತಂತಿಯ ಮೇಲೆ ನೀನೇ ಕೂತಿದ್ದೀಯ.
ಮೇಲೆ ನೋಡಿದರೆ ಏನು ಕಾಣುತ್ತೆ? ಕೆಳಗೆ?"
ಉತ್ತರಕ್ಕೆ ಮೂರು ವಾರ ಬೇಕಾಯಿತು.
ಮೇಲೆ ಬೆಟ್ಟ. ಕೆಳಗೆ, ಕಾಲಿಟ್ಟರೆ ಜಾರುವ ತಗ್ಗು.

ಸಿಮ್ಯುಲೇಟರ್ ಹೂಂ ಅಂದಿತು.
ಮೈನಸ್ ನಲವತ್ತರಲ್ಲಿ ಹೂಂ, ನೂರಿಪ್ಪತ್ತೈದರಲ್ಲಿ ಹೂಂ.
ಫ್ಯಾಬಿಗೆ ಕಳಿಸಿದೆವು. ಮೂರು ತಿಂಗಳು.
ಅಷ್ಟರಲ್ಲಿ ತಂಗಿಯ ಮದುವೆ, ಎರಡು ಟೈಫೂನು,
ಟೀ ಲೋಟ ಮಾತ್ರ ನಡುಗಿಸಿದ ನಾಲ್ಕು ಭೂಕಂಪ.
ಬಂದವು ಇಪ್ಪತ್ತು. ಎಳ್ಳಿನಷ್ಟು ಸಿಲಿಕಾನು,
ಸುತ್ತ ಕಪ್ಪು ಕವಚ.

ಆಸಿಲೋಸ್ಕೋಪಿನಲ್ಲಿ ಗೆರೆ ಮಲಗಬೇಕಿತ್ತು.
ಮಲಗಲಿಲ್ಲ.
ಜ್ವರದ ಮಗುವಿನ ಹಾಗೆ ನಡುಗಿತು.
ಎರಡನೆಯದೂ, ಹನ್ನೊಂದನೆಯದೂ.
ರಾತ್ರಿ ಎರಡಕ್ಕೆ, ಏನು ಮಾಡಬೇಕೆಂದು ತಿಳಿಯದೆ
ಅದರ ಕಾಲೊಂದರ ಮೇಲೆ ಬೆರಳಿಟ್ಟೆ.
ಸುಮ್ಮನಾಯಿತು.
ತೆಗೆದೆ, ನಡುಕ. ಇಟ್ಟೆ, ನಿದ್ದೆ.
ಬೆಳಗಾಗುವವರೆಗೂ ಅದನ್ನೇ ಮಾಡುತ್ತಿದ್ದೆ,
ಹಣೆ ಸವರುವವನ ಹಾಗೆ.

ಪೆಂಗ್ ಬಂದು ಬೆನ್ನ ಹಿಂದೆ ನಿಂತು ನೋಡಿದರು.
"ನಿನ್ನ ಬೆರಳಲ್ಲಿ ಎಷ್ಟು ಪಿಕೋಫ್ಯಾರಡ್?
ಅಷ್ಟನ್ನು ಒಳಗಿಡಲು ಮರೆತೆ.
ಈಗ ಪ್ರತಿ ಚಿಪ್ಪಿನ ಜೊತೆ
ನಿನ್ನನ್ನೂ ಪ್ಯಾಕ್ ಮಾಡಿ ಕಳಿಸೋಣವೇ?"

ಭಾನುವಾರ ಅವರ ಅಂಗಳದಲ್ಲಿ ಕೂತು ಹಣ್ಣು ಹಿಸುಕಿದೆ.
ಹೆಬ್ಬೆರಳಿನಿಂದ, ನಡುವಿನ ಗಂಟು ಕರಗುವವರೆಗೆ,
ಸಿಪ್ಪೆ ಒಡೆಯದ ಹಾಗೆ.
"ಈಗ?" ಎಂದೆ. "ಇನ್ನೂ ಇಲ್ಲ."
"ಈಗ?" "ಅದು ಹೋಯಿತು. ಬೇರೆ ತಗೋ."
ಮೊರದ ಅಂಚಿನ ಹಣ್ಣಿಗೆ ಗಾಳಿ ಹೆಚ್ಚು, ಬೇಗ ಬಿರಿಯುತ್ತವೆ.
ಅವನ್ನು ಮಾರುವುದಿಲ್ಲ, ಮನೆಯವರಿಗೆ.
ನನಗೆ ಎರಡು ಕೊಟ್ಟರು.

ಮುಂದಿನ ಸಲದ ಚಿಪ್ಪು ಮಲಗಿತು. ಅದರ ಬಗ್ಗೆ
ಹೇಳುವುದೇನೂ ಇಲ್ಲ, ಒಂದು ನೇರ ಗೆರೆ.
ಆದರೆ ಆ ಮೊದಲ ಇಪ್ಪತ್ತರಲ್ಲಿ
ಹದಿನೇಳನೆಯದು ಒಮ್ಮೆಯೂ ನಡುಗಿರಲಿಲ್ಲ.
ಅದೇ ತಪ್ಪು, ಅದೇ ಹಾಳೆ, ಅದೇ ಅಚ್ಚು.
ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದೇನೆ.
ಯಾಕೆಂದು ಪೆಂಗ್ ಅವರನ್ನೂ ಕೇಳಿದ್ದೆ.
ಬೆಳಕಿಗೆ ಹಿಡಿದು, ತಿರುಗಿಸಿ,
"ಗೊತ್ತಿಲ್ಲ" ಎಂದರು,
ಬಹಳ ಖುಷಿಯಿಂದ.